ಎಳೆಯ ಚರ್ಮಕ್ಕೆ ಯಾವ ಸೋಪು, ಯಾವ ಕ್ರೀಮು: ಮೆಡಿಕಲ್ ಸ್ಟೋರಿನ ಬೇಬಿ ಶೆಲ್ಫಿನ ವಿಮರ್ಶೆ

ಬೆಂಗಳೂರಿನ ಯಾವ ಬಡಾವಣೆಯ ಮೆಡಿಕಲ್ ಸ್ಟೋರಿಗೆ ಹೋದರೂ ಮಕ್ಕಳ ಸ್ನಾನದ ಸಾಮಾನಿಗೆಂದೇ ಒಂದು ಶೆಲ್ಫು ಮೀಸಲಾಗಿರುತ್ತದೆ. ಸೋಪು, ಶ್ಯಾಂಪೂ, ಬಾಡಿ ವಾಶ್, ಮಸಾಜ್ ಎಣ್ಣೆ, ಲೋಷನ್, ಕ್ರೀಮು, ಪೌಡರು, ವೈಪ್ಸ್ ಎಂದು ಅಲ್ಲಿ ಜೋಡಿಸಿಟ್ಟ ಪ್ರತಿಯೊಂದರ ಮೇಲೂ ನಗುವ ಮಗುವಿನ ಚಿತ್ರವಿರುತ್ತದೆ, ಪ್ರತಿಯೊಂದೂ ತಾನೇ ಅತ್ಯಂತ ಮೃದು ಎಂದು ಹೇಳಿಕೊಳ್ಳುತ್ತದೆ. ನಮ್ಮ ಮನೆಯ ಮಗುವಿಗೆ ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಕೆನ್ನೆ ಕೆಂಪಾಗಿ ಸಿಪ್ಪೆ ಏಳತೊಡಗಿ, ಮೊಣಕೈಯ ಮಡಿಕೆ ಮರಳು ಕಾಗದದಂತೆ ಒರಟಾದಾಗ ಮಕ್ಕಳ ವೈದ್ಯರು ಇದು ಇಸುಬಿನ (ಎಕ್ಸಿಮಾ) ಆರಂಭ ಎಂದರು. ಅಲ್ಲಿಂದಾಚೆಗೆ ಆ ಶೆಲ್ಫಿನ ಮುಂದೆ ನಿಂತು ಲೇಬಲ್ ಓದುವುದು ನನ್ನ ಪಾಲಿಗೆ ಬಂತು. ಹಾಗೆ ಓದಿ, ಕೊಂಡು, ಬಳಸಿದ ಮೇಲೆ ನನಗೆ ಅನಿಸಿದ್ದು ಇಷ್ಟು: ಚರ್ಮ ಸೂಕ್ಷ್ಮವಾಗಿರುವ ಮಗುವಿನ ಮಟ್ಟಿಗೆ ತೊಳೆಯುವುದು ಮಿತವಾಗಿರಬೇಕು, ಹಚ್ಚುವುದು ಧಾರಾಳವಾಗಿರಬೇಕು, ಶೆಲ್ಫಿನ ಉಳಿದ ಮುಕ್ಕಾಲು ಪಾಲನ್ನು ಅಂಗಡಿಯಲ್ಲಿಯೇ ಬಿಟ್ಟು ಬರಬೇಕು. ಚರ್ಮದ ತೊಂದರೆಯೇ ಇಲ್ಲದ ಮಗುವಿನ ಮನೆಯವರು ಇದರಲ್ಲಿ ಬಹುಪಾಲನ್ನು ಓದುವ ಅಗತ್ಯವೂ ಇಲ್ಲ, ಕೊಳ್ಳುವ ಅಗತ್ಯವೂ ಇಲ್ಲ.

ಸಾಮಾನನ್ನು ತೂಗಿ ನೋಡುವ ಮುನ್ನ ಚರ್ಮದ ವಿಚಾರ ಸ್ವಲ್ಪ ತಿಳಿದಿರಬೇಕು. ನಮ್ಮ ಚರ್ಮದ ಹೊರಪದರದಲ್ಲಿ ಜೀವಕೋಶಗಳು ಇಟ್ಟಿಗೆಗಳ ಹಾಗೂ ಅವುಗಳ ನಡುವಿನ ಸೆರಮೈಡ್ ಮುಂತಾದ ಕೊಬ್ಬಿನ ಅಂಶಗಳು ಗಾರೆಯ ಕೆಲಸ ಮಾಡುತ್ತವೆ. ಶಿಶುಗಳಲ್ಲಿ ಈ ಹೊರಪದರ ದೊಡ್ಡವರದ್ದಕ್ಕಿಂತ ಸುಮಾರು ಶೇ 30ರಷ್ಟು ತೆಳುವಾಗಿರುತ್ತದೆ. ಆದ್ದರಿಂದ ಒಳಗಿನ ನೀರು ಬೇಗ ಆರಿಹೋಗುತ್ತದೆ, ಹೊರಗಿನ ಪದಾರ್ಥ ಸುಲಭವಾಗಿ ಒಳಗೆ ಇಳಿಯುತ್ತದೆ. ಇಸುಬಿನ ಪ್ರವೃತ್ತಿಯುಳ್ಳ ಅನೇಕ ಮಕ್ಕಳಲ್ಲಿ ಈ ಗೋಡೆಯನ್ನು ಬಿಗಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನು ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಇದರ ಜೊತೆಗೆ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯವಾಗಿರುತ್ತದೆ. ದೊಡ್ಡವರಲ್ಲಿ ಅದರ ಪಿಎಚ್ (ಆಮ್ಲ, ಕ್ಷಾರಗಳ ಅಳತೆ; ಏಳಕ್ಕಿಂತ ಕೆಳಗಿದ್ದರೆ ಆಮ್ಲ, ಮೇಲಿದ್ದರೆ ಕ್ಷಾರ) 5.5ರ ಆಸುಪಾಸು. ನವಜಾತ ಶಿಶುವಿನಲ್ಲಿ ಅದು ಆರಕ್ಕಿಂತ ಮೇಲಿದ್ದು, ಮೊದಲ ಕೆಲವು ವಾರಗಳಲ್ಲಿ ಮೆಲ್ಲಗೆ ಇಳಿಯುತ್ತದೆ. ಹುಟ್ಟಿದ ಮಗುವಿಗೆ 24 ಗಂಟೆಯವರೆಗೆ ಸ್ನಾನ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದರ ಹಿಂದೆ ಮೈ ತಣ್ಣಗಾಗದಿರಲಿ ಎಂಬ ಕಾಳಜಿಯ ಜೊತೆಗೆ, ಮಗುವಿನ ಮೈಗೆ ಅಂಟಿ ಬರುವ ಬಿಳಿಯ ಲೇಪ ಚರ್ಮಕ್ಕೆ ರಕ್ಷಣೆ ಎಂಬ ಅರಿವೂ ಇದೆ.

ಈಗ ಸೋಪಿನ ಮಾತು. ಎಣ್ಣೆ ಅಥವಾ ಕೊಬ್ಬನ್ನು ಕ್ಷಾರದೊಡನೆ ಬೆರೆಸಿ ತಯಾರಿಸಿದ ನಿಜವಾದ ಸೋಪು ಯಾವ ಕಂಪನಿಯದ್ದಾದರೂ, ಅದರ ಮೇಲೆ ಬೇಬಿ ಎಂದು ಬರೆದಿದ್ದರೂ, ನೀರಿನಲ್ಲಿ ಅದರ ಪಿಎಚ್ 9ರಿಂದ 10ರ ನಡುವೆ ಇರುತ್ತದೆ. ಇದು ಯಾರ ದೋಷವೂ ಅಲ್ಲ, ಸೋಪಿನ ರಸಾಯನವೇ ಹಾಗೆ. ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುವ ಪಿಎಚ್ ಕಾಗದವನ್ನು ತಂದು, ಅಂಗೈಯಲ್ಲಿ ನೊರೆ ಮಾಡಿಕೊಂಡು ಅದರಲ್ಲಿ ಅದ್ದಿದರೆ ಮನೆಯಲ್ಲಿಯೇ ಕಾಣಬಹುದು: ಸಾಮಾನ್ಯ ಬೇಬಿ ಸೋಪಿನ ನೊರೆಯಲ್ಲಿ ಕಾಗದ ಕ್ಷಣದಲ್ಲಿ ನೀಲಿಗೆ ತಿರುಗುತ್ತದೆ, ಸೋಪುರಹಿತ ಬಾರಿನ ನೊರೆಯಲ್ಲಿ ಹಳದಿಯಾಗಿಯೇ ಉಳಿಯುತ್ತದೆ. ಪ್ಯಾಕೆಟ್ಟಿನ ಹಿಂಭಾಗದಲ್ಲಿ ಸೋಡಿಯಂ ಪಾಮೇಟ್, ಸೋಡಿಯಂ ಪಾಮ್ ಕರ್ನಲೇಟ್, ಸೋಡಿಯಂ ಕೊಕೊಯೇಟ್ ಎಂಬ ಹೆಸರುಗಳು ಮೊದಲಿಗೆ ಬಂದರೆ ಅದು ಸೋಪು. ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್ ಅಥವಾ ಡೈಸೋಡಿಯಂ ಲಾರಿಲ್ ಸಲ್ಫೋಸಕ್ಸಿನೇಟ್ ಮೊದಲಿಗೆ ಬಂದರೆ ಅದು ಸಿಂಡೆಟ್, ಅಂದರೆ ಸೋಪಿಲ್ಲದ ಬಾರು. ಜಾನ್ಸನ್ಸ್ ಬೇಬಿ ಸೋಪು, ಹಿಮಾಲಯ ಬೇಬಿ ಸೋಪು ಮೊದಲ ಗುಂಪಿಗೆ ಸೇರಿದವು. ಸೆಬಾಮೆಡ್ ಬೇಬಿ ಬಾರು, ಮಕ್ಕಳ ವೈದ್ಯರ ಚೀಟಿಗಳಲ್ಲಿ ಆಗಾಗ ಕಾಣಿಸುವ ಟೆಡಿಬಾರ್ ಎರಡನೆಯ ಗುಂಪಿನವು.

ಸೋಪಿನ ಗುಣವನ್ನು ಟಿಎಫ್‌ಎಂ, ಅಂದರೆ ಒಟ್ಟು ಕೊಬ್ಬಿನಂಶದ ಶೇಕಡಾವಾರಿನಿಂದ ಅಳೆಯುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಬಿಐಎಸ್ ಮಾನದಂಡದಂತೆ ಶೇ 76 ಅಥವಾ ಅದಕ್ಕಿಂತ ಹೆಚ್ಚು ಟಿಎಫ್‌ಎಂ ಇರುವುದು ಮೊದಲ ದರ್ಜೆಯ ಟಾಯ್ಲೆಟ್ ಸೋಪು. ಈ ಅಂಕಿ ಸೋಪಿನಲ್ಲಿ ಕೊಬ್ಬಿನ ಆಮ್ಲದ ಪ್ರಮಾಣ ಎಷ್ಟು ಎಂಬುದನ್ನು ಹೇಳುತ್ತದೆಯೇ ಹೊರತು ಅದು ಎಳೆಯ ಚರ್ಮಕ್ಕೆ ಎಷ್ಟು ಸೌಮ್ಯ ಎಂಬುದನ್ನಲ್ಲ. ಮೈಸೂರು ಸ್ಯಾಂಡಲ್ ಸೋಪಿನ ಮೇಲೆ ನನಗಿರುವ ಅಭಿಮಾನಕ್ಕೆ ಕೊರತೆಯೇನಿಲ್ಲ. ಅದು ಮೊದಲ ದರ್ಜೆಯ ಸೋಪು, ಅದರ ಗಂಧದೆಣ್ಣೆಯ ಪರಿಮಳ ನಮ್ಮ ಬಚ್ಚಲುಮನೆಗಳ ಗುರುತೇ ಆಗಿದೆ. ಆದರೂ ಇಸುಬಿನ ಕೂಸಿಗೆ ಅದನ್ನು ಹಚ್ಚುವುದು ಸರಿಯಲ್ಲ, ಕಾರಣ ಆ ಪರಿಮಳವೂ ಕ್ಷಾರವೂ. ಅದು ನಾವು ದೊಡ್ಡವರು ಹಚ್ಚಿಕೊಳ್ಳುವುದಕ್ಕೆ ಇರಲಿ.

ಬೆಂಗಳೂರಿನಲ್ಲಿ ಇನ್ನೊಂದು ತೊಡಕಿದೆ, ಅದು ನೀರು. ಕಾವೇರಿ ನೀರು ಬರುವ ಮನೆಗಳಿಗೂ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರನ್ನೇ ನಂಬಿದ ಅಪಾರ್ಟ್‌ಮೆಂಟುಗಳಿಗೂ ಈ ವಿಷಯದಲ್ಲಿ ಬಹಳ ವ್ಯತ್ಯಾಸವಿದೆ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಮಿನೊಳಗಿದ್ದರೆ ಒಪ್ಪತಕ್ಕದ್ದು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನೊಡನೆ ಸೇರಿ, ಕರಗದ ಬಿಳಿಯ ಜಿಡ್ಡಾಗುತ್ತದೆ. ಬಕೆಟ್ಟಿನ ಅಂಚಿಗೆ ಉಂಗುರದಂತೆ ಕಟ್ಟಿಕೊಳ್ಳುವ ಆ ಜಿಡ್ಡೇ ಮಗುವಿನ ಕತ್ತಿನ ಮಡಿಕೆಯಲ್ಲಿಯೂ ಮೊಣಕಾಲಿನ ಹಿಂಭಾಗದಲ್ಲಿಯೂ ಉಳಿದುಕೊಂಡು ತುರಿಕೆಗೆ ಕಾರಣವಾಗುತ್ತದೆ. ಸಿಂಡೆಟ್ ಬಾರುಗಳು ಗಡಸು ನೀರಿನಲ್ಲಿ ಹಾಗೆ ಒಡೆಯುವುದಿಲ್ಲ, ಬೇಗ ತೊಳೆದುಹೋಗುತ್ತವೆ. ನನ್ನ ಮಟ್ಟಿಗೆ ಅವುಗಳ ಪರವಾಗಿರುವ ಅತಿ ದೊಡ್ಡ ವಾದ ಪಿಎಚ್‌ಗಿಂತಲೂ ಇದೇ.

ಅವುಗಳ ಕೊರತೆಗಳನ್ನೂ ಹೇಳಬೇಕು. ಸಾಮಾನ್ಯ ಬೇಬಿ ಸೋಪಿಗಿಂತ ಬೆಲೆ ಮೂರು ನಾಲ್ಕು ಪಟ್ಟು ಹೆಚ್ಚು. ನೀರು ಬಸಿದುಹೋಗದ ಸೋಪುಪೆಟ್ಟಿಗೆಯಲ್ಲಿಟ್ಟರೆ ಬಾರಿನ ತಳಭಾಗ ರಾತ್ರಿ ಕಳೆಯುವುದರೊಳಗೆ ಲೋಳೆಯಾಗಿ, ಕೊಟ್ಟ ದುಡ್ಡಿನ ಒಂದು ಪಾಲು ಬಚ್ಚಲಿಗೆ ಹರಿದುಹೋಗುತ್ತದೆ. ಚಾಕುವಿನಿಂದ ಅರ್ಧಕ್ಕೆ ಕತ್ತರಿಸಿ, ಒಂದು ತುಂಡನ್ನು ಮಾತ್ರ ಜಾಲರಿಯ ಮೇಲಿಟ್ಟು ಬಳಸಿದರೆ ಬಾಳಿಕೆ ಬರುತ್ತದೆ. ಸೋಪಿಲ್ಲ ಎಂದ ಮಾತ್ರಕ್ಕೆ ಪರಿಮಳವಿಲ್ಲ ಎಂದೂ ಆಗುವುದಿಲ್ಲ. ಸೆಬಾಮೆಡ್ ಬಾರಿನಲ್ಲಿಯೂ ಪರಿಮಳವಿದೆ. ತೊಳೆದುಹೋಗುವ ಪದಾರ್ಥವಾದ್ದರಿಂದ ಅದು ಹೆಚ್ಚು ಮಕ್ಕಳಿಗೆ ತೊಂದರೆ ಕೊಡದಿರಬಹುದು. ಆದರೂ ನನ್ನ ಲೆಕ್ಕದಲ್ಲಿ ಅದಕ್ಕೊಂದು ಅಂಕ ಕಡಿಮೆ.

ದ್ರವರೂಪದ ಬಾಡಿ ವಾಶ್‌ಗಳಲ್ಲಿ ಸೆಟಾಫಿಲ್ ಬೇಬಿ, ಜಾನ್ಸನ್ಸ್ ಟಾಪ್ ಟು ಟೋ ಎಲ್ಲ ಕಡೆಯೂ ಸಿಗುತ್ತವೆ. ಒಂದೇ ಬಾಟಲಿಯಲ್ಲಿ ತಲೆಗೂ ಮೈಗೂ ಸಾಲುವುದು ಇವುಗಳ ಅನುಕೂಲ. ಕಣ್ಣೀರು ಬರಿಸುವುದಿಲ್ಲ ಎಂಬ ಅವುಗಳ ಭರವಸೆ ಕಣ್ಣು ಉರಿಯದಿರುವುದಕ್ಕೆ ಸಂಬಂಧಿಸಿದ್ದೇ ಹೊರತು ಚರ್ಮ ಒಣಗದಿರುವುದಕ್ಕೆ ಅಲ್ಲ. ಇಂತಹ ವಾಶ್‌ಗಳಲ್ಲಿ ಬಳಸುವ ಕೊಕಮಿಡೊಪ್ರೊಪಿಲ್ ಬೀಟೈನ್ ಎಂಬ ಸೌಮ್ಯ ನೊರೆಕಾರಕವೂ ಕೆಲವರಿಗೆ ಅಲರ್ಜಿ ಉಂಟುಮಾಡಬಲ್ಲದು. ಪಂಪ್ ಒತ್ತಿದಷ್ಟೂ ಸುರಿಯುವುದರಿಂದ ನಾವು ಬೇಕಾದ್ದಕ್ಕಿಂತ ಹೆಚ್ಚೇ ಬಳಸುತ್ತೇವೆ. ಆರು ತಿಂಗಳ ಮಗುವಿನ ಮೈಯಲ್ಲಿ ಕೊಳೆ ಇರುವುದಾದರೂ ಎಲ್ಲಿ? ಕತ್ತು, ಕಂಕುಳು, ತೊಡೆಸಂದಿ, ಡೈಪರಿನ ಜಾಗ, ಅಷ್ಟೆ. ಅಷ್ಟಕ್ಕೆ ಕಡಲೆಕಾಳಿನಷ್ಟು ವಾಶ್ ಸಾಕು, ಉಳಿದ ಮೈಗೆ ಬರಿಯ ನೀರು. ಸ್ನಾನದ ನೀರಿಗೆ ಆಂಟಿಸೆಪ್ಟಿಕ್ ದ್ರಾವಣವನ್ನು ಒಂದು ಮುಚ್ಚಳ ಬೆರೆಸುವ ರೂಢಿಯನ್ನಂತೂ ಸೂಕ್ಷ್ಮ ಚರ್ಮದ ಮಗುವಿರುವ ಮನೆಯಲ್ಲಿ ಪೂರ್ತಿಯಾಗಿ ಕೈಬಿಡಬೇಕು.

ನಮ್ಮ ಕಡೆಯ ಸ್ನಾನದ ಬಗ್ಗೆ ಹೇಳದೆ ಈ ವಿಮರ್ಶೆ ಪೂರ್ಣವಾಗದು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಮೈತುಂಬ ಎಣ್ಣೆ ಹಚ್ಚಿ ನೀವಿ, ಹೆಸರುಹಿಟ್ಟು ಅಥವಾ ಕಡಲೆಹಿಟ್ಟಿನಿಂದ ಜಿಡ್ಡು ತೆಗೆದು, ಹಂಡೆಯ ಬಿಸಿನೀರನ್ನು ಸುರಿದು, ಸಾಂಬ್ರಾಣಿಯ ಹೊಗೆ ಹಾಕಿ ಮಲಗಿಸುವುದು ಇಂದಿಗೂ ಬಾಣಂತಿ ಮನೆಗಳಲ್ಲಿ ನಡೆದುಬಂದಿದೆ. ವೈದ್ಯರು ಎಣ್ಣೆ ಸ್ವಲ್ಪ ದಿನ ಬೇಡ ಎಂದಾಗ ನಮ್ಮ ಅತ್ತೆಯವರು, “ಎಣ್ಣೆ ಮುಟ್ಟಿಸದೆ ಎರೆದರೆ ಅದು ಸ್ನಾನವೇನಮ್ಮಾ?” ಎಂದು ಕೇಳಿದ್ದರು. ಪ್ರಶ್ನೆ ಅರ್ಥವಿಲ್ಲದ್ದೇನಲ್ಲ. ಎಣ್ಣೆಗಳೆಲ್ಲ ಒಂದೇ ಅಲ್ಲ ಎಂಬುದನ್ನು ಮಾತ್ರ ಗಮನಿಸಬೇಕು. ಮಸಾಜ್ ಎಣ್ಣೆಗಳ ಬಾಟಲಿಗಳ ಮೇಲೆ ದೊಡ್ಡದಾಗಿ ಮುದ್ರಿಸುವ ಆಲಿವ್ ಎಣ್ಣೆಯಲ್ಲಿ ಓಲಿಯಿಕ್ ಆಮ್ಲ ಹೆಚ್ಚು. ಅದು ಚರ್ಮದ ಹೊರಪದರವನ್ನು ಸಡಿಲಗೊಳಿಸುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಸಾಸಿವೆ ಎಣ್ಣೆಯೂ ಕೆರಳಿಸುವಂಥದ್ದೇ, ಪುಣ್ಯಕ್ಕೆ ಅದರ ಬಳಕೆ ನಮ್ಮಲ್ಲಿ ಕಡಿಮೆ. ಇವುಗಳಿಗೆ ಹೋಲಿಸಿದರೆ ನಮ್ಮ ತೆಂಗಿನೆಣ್ಣೆ ವಾಸಿ: ಇಸುಬಿರುವ ಮಕ್ಕಳ ಮೇಲೆ ಫಿಲಿಪ್ಪೀನ್ಸಿನಲ್ಲಿ ನಡೆದ ಒಂದು ಪ್ರಯೋಗದಲ್ಲಿ ಶುದ್ಧ ತೆಂಗಿನೆಣ್ಣೆ ಖನಿಜ ತೈಲಕ್ಕಿಂತ ಮೇಲಾದ ಫಲ ಕೊಟ್ಟಿತ್ತು. ಆದ್ದರಿಂದ ಹಣ ಕೊಟ್ಟು ಆಲಿವ್ ಬಾಟಲಿ ತರುವುದಕ್ಕಿಂತ ಗಾಣದ ತೆಂಗಿನೆಣ್ಣೆಯನ್ನು, ಅದೂ ಚರ್ಮ ಒಡೆದಿಲ್ಲದ ಜಾಗಕ್ಕೆ, ಹಗುರವಾದ ಕೈಯಿಂದ ಹಚ್ಚುವುದು ಲೇಸು. ತಲೆಯಲ್ಲಿ ಕಟ್ಟುವ ಹಳದಿ ಹಕ್ಕಳೆಯನ್ನು ಮೆತ್ತಗೆ ಮಾಡುವುದಕ್ಕೂ ಎಣ್ಣೆ ಒಳ್ಳೆಯದು, ಉಗುರಿನಿಂದ ಕೀಳಬಾರದು.

ಹಿಟ್ಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಅಷ್ಟು ಮೃದುವಾಗಿಲ್ಲ. ಕೂದಲು ಉದುರಲೆಂದು ಕಡಲೆಹಿಟ್ಟಿನಿಂದ ಉಜ್ಜುವುದು ಒರಟು ಕೆಲಸ, ಇಸುಬಿನ ಚರ್ಮಕ್ಕೆ ಅದು ಸಲ್ಲದು. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ: ಒಡೆದ ಚರ್ಮದ ಮೂಲಕ ಆಹಾರದ ಅಂಶಗಳು ದೇಹದೊಳಗೆ ಹೋದರೆ ಮುಂದೆ ಅದೇ ಆಹಾರಕ್ಕೆ ಅಲರ್ಜಿ ಹುಟ್ಟುವ ಸಾಧ್ಯತೆ ಇದೆ. ಕಡಲೆಕಾಯಿ ಎಣ್ಣೆಯುಳ್ಳ ಕ್ರೀಮುಗಳ ವಿಷಯದಲ್ಲಿ ಈ ಸಂಬಂಧ ಕಂಡುಬಂದದ್ದರಿಂದ, ಬಾದಾಮಿ, ಓಟ್ಸ್, ಹಾಲಿನ ಅಂಶ ಎಂದು ಹೊಗಳಿಕೊಳ್ಳುವ ಡಬ್ಬಿಗಳನ್ನು ಚರ್ಮ ಒಡೆದಿರುವ ಮಗುವಿಗೆ ತರುವ ಮುನ್ನ ವೈದ್ಯರನ್ನು ಒಂದು ಮಾತು ಕೇಳುವುದು ಜಾಣತನ. ನೀರಂತೂ ಮೊಣಕೈಗೆ ಹಿತವಾಗುವಷ್ಟೇ ಬೆಚ್ಚಗಿರಬೇಕು, ಅಂದರೆ 37 ಡಿಗ್ರಿಯ ಆಸುಪಾಸು; ಸ್ನಾನ ಐದು ಹತ್ತು ನಿಮಿಷದಲ್ಲಿ ಮುಗಿಯಬೇಕು.

ಧಾರಾಳವಾಗಿ ಖರ್ಚು ಮಾಡಬೇಕಾದದ್ದು ಸ್ನಾನ ಮುಗಿದ ಮೇಲಿನ ಮಾಯಿಶ್ಚರೈಸರ್‌ಗೆ. ಟವೆಲ್ಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ತುಸು ತೇವವಿರುವಾಗಲೇ, ಕೂದಲು ಬೆಳೆಯುವ ದಿಕ್ಕಿನಲ್ಲಿ, ದಪ್ಪವಾಗಿ ಸವರಬೇಕು. ಲೋಷನ್‌ನಲ್ಲಿ ನೀರಿನ ಅಂಶ ಹೆಚ್ಚು, ಕ್ರೀಮಿನಲ್ಲಿ ಕಡಿಮೆ, ಪೆಟ್ರೋಲಿಯಂ ಜೆಲ್ಲಿಯಂತಹ ಮುಲಾಮಿನಲ್ಲಿ ಇಲ್ಲವೇ ಇಲ್ಲ. ನೀರಿಲ್ಲದ ಪದಾರ್ಥಕ್ಕೆ ಸಂರಕ್ಷಕ ರಾಸಾಯನಿಕಗಳ ಅಗತ್ಯವೂ ಅಷ್ಟಾಗಿ ಬೀಳುವುದಿಲ್ಲ. ಹೀಗಾಗಿ ಶೆಲ್ಫಿನ ಮೂಲೆಯಲ್ಲಿ ಕೂತಿರುವ ಪರಿಮಳವಿಲ್ಲದ ಬಿಳಿಯ ಪೆಟ್ರೋಲಿಯಂ ಜೆಲ್ಲಿಯೇ ಬೆಲೆಗೂ ಗುಣಕ್ಕೂ ನನ್ನ ಮೊದಲ ಆಯ್ಕೆ. ಅದರ ದೋಷ ಒಂದೇ, ಬೇಸಿಗೆಯಲ್ಲಿ ಅಂಟಂಟಾಗುತ್ತದೆ, ಬೆವರುಸಾಲೆ ಹೆಚ್ಚಾಗಬಹುದು. ಮಾರ್ಚಿನಿಂದ ಮೇ ತಿಂಗಳವರೆಗೆ, ಕರಾವಳಿಯಲ್ಲಾದರೆ ಇನ್ನೂ ಹೆಚ್ಚು ಕಾಲ, ಹಗಲಿಗೆ ಪರಿಮಳರಹಿತ ಕ್ರೀಮು, ರಾತ್ರಿಗೆ ಒರಟಾದ ಜಾಗಕ್ಕೆ ಮಾತ್ರ ಜೆಲ್ಲಿ ಎಂಬ ಹಂಚಿಕೆ ನಡೆಯುತ್ತದೆ. ಸೆರಮೈಡ್ ಇರುವ ಕ್ರೀಮುಗಳು ಒಳ್ಳೆಯವೇ, ಆದರೆ ಬೆಲೆಗೆ ಹೆದರಿ ಚಿಟಿಕೆಯಷ್ಟೇ ಹಚ್ಚುವುದಾದರೆ ಅವುಗಳಿಂದ ಪ್ರಯೋಜನವಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಇಸುಬಿರುವ ಮಕ್ಕಳಿಗೆ ವಾರಕ್ಕೆ 250ರಿಂದ 500 ಗ್ರಾಮಿನಷ್ಟು ಮಾಯಿಶ್ಚರೈಸರ್ ಹೇಳುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ 100 ಗ್ರಾಮಿನ ಅಂದದ ಟ್ಯೂಬಿಗೆ ಈ ಲೆಕ್ಕ ಹಾಕಿ ನೋಡಿದರೆ ತಿಂಗಳ ಬಜೆಟ್ಟಿನ ಗತಿ ತಿಳಿಯುತ್ತದೆ. ಹಾಗಾಗಿ ಕೊಳ್ಳುವಾಗ ಎಂಆರ್‌ಪಿಯನ್ನಲ್ಲ, ಗ್ರಾಮಿಗೆ ಎಷ್ಟು ಬೀಳುತ್ತದೆ ಎಂಬುದನ್ನು ನೋಡಬೇಕು.

ಒಂದು ಎಚ್ಚರಿಕೆ ನಮ್ಮ ಮನೆಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಇಂತಹ ಕ್ರೀಮು, ಜೆಲ್ಲಿ ಹೀರಿಕೊಂಡ ಬಟ್ಟೆಗೆ ಬೆಂಕಿ ತಾಗಿದರೆ ಅದು ಬೇಗ ಹೊತ್ತಿಕೊಳ್ಳುತ್ತದೆ ಎಂದು ಬ್ರಿಟನ್ನಿನ ಔಷಧ ನಿಯಂತ್ರಕರು 2018ರಲ್ಲಿ ಎಚ್ಚರಿಸಿದ್ದರು. ಒಗೆದರೂ ಆ ಅಂಶ ಪೂರ್ತಿ ಹೋಗುವುದಿಲ್ಲ. ಸ್ನಾನವಾದ ಕೂಡಲೇ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಮಗುವನ್ನು ಹಿಡಿಯುವ ಮನೆಗಳಲ್ಲಿ ಈ ಮಾತು ನೆನಪಿರಬೇಕು. ಆ ಹೊಗೆ ಉಸಿರಿಗೂ ಒಳ್ಳೆಯದಲ್ಲ.

ಚರ್ಮಕ್ಕೆ ಏನೂ ಆಗಿಲ್ಲದ ಮಗುವಿಗೆ ಮುಂಜಾಗ್ರತೆಯೆಂದು ದಿನವೂ ಕ್ರೀಮು ಹಚ್ಚಿದರೆ ಇಸುಬು ಬಾರದೇ ಎಂದು ಕೇಳುವವರಿದ್ದಾರೆ. ಬ್ರಿಟನ್ನಿನಲ್ಲಿ 1,394 ನವಜಾತ ಶಿಶುಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಬೀಪ್ ಅಧ್ಯಯನದಲ್ಲಿ, ಒಂದು ವರ್ಷ ದಿನವೂ ಹಚ್ಚಿದರೂ ಎರಡನೆಯ ವಯಸ್ಸಿನಲ್ಲಿ ಇಸುಬಿನ ಪ್ರಮಾಣ ಕಡಿಮೆಯಾಗಿರಲಿಲ್ಲ. ಇರುವ ಇಸುಬಿಗೆ ಮಾಯಿಶ್ಚರೈಸರ್ ಬೇಕೇ ಬೇಕು. ಇಲ್ಲದ ಇಸುಬನ್ನು ಅದು ತಡೆಯುತ್ತದೆ ಎಂಬ ಜಾಹೀರಾತನ್ನು ನಂಬಬೇಕಾಗಿಲ್ಲ.

ಪೌಡರಿಗೆ ನನ್ನ ಪಟ್ಟಿಯಲ್ಲಿ ಜಾಗವಿಲ್ಲ. ಜಾನ್ಸನ್ ಆಂಡ್ ಜಾನ್ಸನ್ ಕಂಪನಿ ಟಾಲ್ಕ್ ಆಧಾರಿತ ಬೇಬಿ ಪೌಡರನ್ನು ಅಮೆರಿಕ ಮತ್ತು ಕೆನಡಾದಲ್ಲಿ 2020ರಲ್ಲಿ ನಿಲ್ಲಿಸಿ, 2023ರಲ್ಲಿ ಜಗತ್ತಿನಾದ್ಯಂತ ಜೋಳದ ಪಿಷ್ಟಕ್ಕೆ ಬದಲಾಯಿಸಿತು. ನಮ್ಮಲ್ಲಿ ಮಹಾರಾಷ್ಟ್ರ ಸರ್ಕಾರ ಪಿಎಚ್ ಮಿತಿ ಮೀರಿದೆ ಎಂದು 2022ರಲ್ಲಿ ಮುಲುಂಡ್ ಘಟಕದ ಪರವಾನಗಿ ರದ್ದುಗೊಳಿಸಿದ್ದೂ, 2023ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶವನ್ನು ತಳ್ಳಿಹಾಕಿದ್ದೂ ಸುದ್ದಿಯಾಗಿತ್ತು. ಈ ವಿವಾದಗಳನ್ನೆಲ್ಲ ಬದಿಗಿಟ್ಟರೂ, ಯಾವ ಪೌಡರೇ ಆಗಲಿ ಮಗುವಿನ ಮೂಗಿನ ಬಳಿ ತಟ್ಟಿದರೆ ಶ್ವಾಸಕೋಶಕ್ಕೆ ಹೋಗುತ್ತದೆ, ಬೆವರಿದ ಮಡಿಕೆಯಲ್ಲಿ ಉಂಡೆಗಟ್ಟಿ ಉಜ್ಜುತ್ತದೆ. ನಾಮಕರಣಕ್ಕೆ ಬಂದವರು ಕೊಡುವ ಗಿಫ್ಟ್ ಪ್ಯಾಕಿನಲ್ಲಿ ಪೌಡರಿನ ಡಬ್ಬಿ ಇದ್ದೇ ಇರುತ್ತದೆ. ಮನೆಯ ದೊಡ್ಡವರು ಬಳಸಿ ಮುಗಿಸಲಿ.

ಲೇಬಲ್ಲಿನ ಮುಂಭಾಗದ ಮಾತುಗಳಿಗೆ ಬೆಲೆ ಕಡಿಮೆ. ಹೈಪೊಅಲರ್ಜೆನಿಕ್ (ಅಲರ್ಜಿಯ ಸಾಧ್ಯತೆ ಕಡಿಮೆ) ಎಂಬುದಕ್ಕೆ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಯಾವ ಮಾನದಂಡವನ್ನೂ ನಿಗದಿಪಡಿಸಿಲ್ಲ. ಚರ್ಮತಜ್ಞರಿಂದ ಪರೀಕ್ಷಿತ ಎಂದರೆ ಪರೀಕ್ಷೆ ಆಗಿದೆ ಎಂದಷ್ಟೇ, ಫಲಿತಾಂಶ ಏನು ಎಂದಲ್ಲ. ಹಿಂಭಾಗದಲ್ಲಿ ನಾನು ಹುಡುಕುವುದು ಎರಡು ಮೂರು ಹೆಸರುಗಳನ್ನು ಮಾತ್ರ. ಪರ್ಫ್ಯೂಮ್ ಅಥವಾ ಫ್ರೇಗ್ರನ್ಸ್ ಎಂದಿದ್ದರೆ ಮೈಮೇಲೆ ಉಳಿಯುವ ಕ್ರೀಮಿನಲ್ಲಿ ಅದು ಬೇಡ, ಲ್ಯಾವೆಂಡರಿನಂತಹ ಸಸ್ಯಜನ್ಯ ಸುಗಂಧ ತೈಲಕ್ಕೂ ಇದೇ ಮಾತು. ಮೀಥೈಲ್‌ಐಸೊಥಯಾಜೊಲಿನೋನ್ ಎಂಬ ಸಂರಕ್ಷಕ, ಮುಖ್ಯವಾಗಿ ವೈಪ್ಸ್‌ಗಳಲ್ಲಿ, ಬೇಡವೇ ಬೇಡ. ಐರೋಪ್ಯ ಒಕ್ಕೂಟ ಮೈಮೇಲೆ ಉಳಿಯುವ ಪದಾರ್ಥಗಳಲ್ಲಿ ಅದನ್ನು ನಿಷೇಧಿಸಿದೆ. ಮನೆಯಲ್ಲಿದ್ದಾಗ ವೈಪ್ಸ್‌ಗಿಂತ ಹತ್ತಿ ಮತ್ತು ಉಗುರುಬೆಚ್ಚಗಿನ ನೀರು ಮೇಲು. ಡೈಪರ್ ಜಾಗಕ್ಕೆ ಜಿಂಕ್ ಆಕ್ಸೈಡ್ ಇರುವ ಯಾವುದೇ ಸರಳ ಕ್ರೀಮು ಸಾಕು.

ಹೊಸದಾಗಿ ತಂದದ್ದನ್ನು ಒಂದೇ ದಿನ ಮೈಗೆಲ್ಲ ಹಚ್ಚದೆ, ಮುಂಗೈಯ ಒಳಭಾಗದ ಒಂದೇ ಜಾಗಕ್ಕೆ ಕೆಲವು ದಿನ ಹಚ್ಚಿ ನೋಡಬೇಕು. ಎರಡು ಹೊಸ ಪದಾರ್ಥಗಳನ್ನು ಒಟ್ಟಿಗೆ ಆರಂಭಿಸಿದರೆ ಕೆಂಪಾದಾಗ ಯಾವುದರಿಂದ ಎಂದು ತಿಳಿಯುವುದಿಲ್ಲ.

ಕೊನೆಯದಾಗಿ ಅಂಗಡಿಯವರ ಸಲಹೆಯ ವಿಚಾರ. ಕೆಂಪಾದ ಕೆನ್ನೆಯ ಫೋಟೊವನ್ನು ಫೋನಿನಲ್ಲಿ ತೋರಿಸಿದರೆ ಸಾಕು, ಕೌಂಟರಿನ ಆಚೆಯಿಂದ ಒಂದು ಟ್ಯೂಬು ಮುಂದೆ ಬರುವುದುಂಟು. ಅದು ಸ್ಟಿರಾಯ್ಡ್, ಶಿಲೀಂಧ್ರನಾಶಕ, ಆಂಟಿಬಯೋಟಿಕ್ ಮೂರೂ ಬೆರೆತ ಮುಲಾಮು ಆಗಿರಬಹುದು. ಕೇಂದ್ರ ಸರ್ಕಾರ 2018ರಲ್ಲಿ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿ, ಚೀಟಿಯಿಲ್ಲದೆ ಮಾರುವಂತಿಲ್ಲ ಎಂದಿದೆ. ವೈದ್ಯರು ಗುರುತಿಸಿ, ಎಷ್ಟು ದಿನ ಎಂದು ಬರೆದುಕೊಟ್ಟ ಸೌಮ್ಯ ಸ್ಟಿರಾಯ್ಡಿಗೆ ಹೆದರಬೇಕಾಗಿಲ್ಲ. ಇಸುಬು ಕೆರಳಿದಾಗ ಅದು ಬೇಕಾಗುತ್ತದೆ, ಅದನ್ನು ಅರ್ಧಕ್ಕೆ ನಿಲ್ಲಿಸುವುದೂ ತಪ್ಪು. ಹೆಸರು ಗೊತ್ತಿಲ್ಲದ ಟ್ಯೂಬಿಗೆ ಮಾತ್ರ ಹೆದರಬೇಕು. ಚರ್ಮ ಒಸರುತ್ತಿದ್ದರೆ, ಹಳದಿ ಹೊಪ್ಪಳೆ ಕಟ್ಟಿದ್ದರೆ, ಜ್ವರವಿದ್ದರೆ ಅಥವಾ ತುರಿಕೆಯಿಂದ ಮಗು ರಾತ್ರಿ ನಿದ್ರಿಸದಿದ್ದರೆ ಸೋಪು ಬದಲಾಯಿಸುತ್ತಾ ದಿನ ಕಳೆಯದೆ ವೈದ್ಯರಲ್ಲಿಗೆ ಹೋಗಬೇಕು. ಹೋಗುವಾಗ ಮನೆಯಲ್ಲಿ ಬಳಸುತ್ತಿರುವ ಸೋಪಿನ ರಟ್ಟಿನ ಡಬ್ಬಿ, ಎಣ್ಣೆಯ ಬಾಟಲಿ, ಅರ್ಧ ಮುಗಿದ ಟ್ಯೂಬು, ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋದರೆ, “ಏನೇನು ಹಚ್ಚುತ್ತಿದ್ದೀರಿ?” ಎಂಬ ಅವರ ಮೊದಲ ಪ್ರಶ್ನೆಗೆ ನೆನಪಿನಿಂದ ಉತ್ತರ ಹುಡುಕಬೇಕಾಗುವುದಿಲ್ಲ.